ಅಪೂರ್ಣ ಅರ್ಜಿ

ಮಾರ್ಚ್ 7, ಶುಕ್ರವಾರ

ಮರೆತುಹೋಯಿತು. ನಡೆದದ್ದು ಇಷ್ಟೇ. ದಿನಕ್ಕೆ ನೂರಿಪ್ಪತ್ತು ಅರ್ಜಿ ನೋಡುವವನಿಗೆ ಒಂದು ಮರೆತುಹೋದರೆ ಅದೇನೂ ಲೋಕದಲ್ಲಿಲ್ಲದ ಅಪರಾಧವಲ್ಲ.

ಕಚೇರಿಯಲ್ಲಿ ಊಟದ ಬಿಡುವಿನಲ್ಲಿ ಕೂತು ಬರೆಯುತ್ತಿದ್ದೇನೆ. ಮನೆಯಲ್ಲಿ ಬರೆಯುವಂತಿಲ್ಲ. ಯಾರಿಗೂ ಹೇಳುವಂತಿಲ್ಲ, ಹೇಳದೆ ಇಟ್ಟುಕೊಳ್ಳಲೂ ಆಗುತ್ತಿಲ್ಲ. ಹೋದ ವರ್ಷ ಯಾರೋ ಕೊಟ್ಟ ಡೈರಿ ಮೇಜಿನ ಖಾನೆಯಲ್ಲಿ ಬಿದ್ದಿತ್ತು. ವಾರಗಳನ್ನು ತಿದ್ದಿಕೊಂಡರೆ ಆಯಿತು.

ವಿಷಯ ಇದು. ನನ್ನ ಹೆಂಡತಿ ರಾಷ್ಟ್ರೀಯ ನಾಗರಿಕ ಸೇವಾ ಪರೀಕ್ಷೆಗೆ ಓದುತ್ತಿದ್ದಾಳೆ. ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದವಳು, ಇದಕ್ಕಾಗಿಯೇ ಹೋದ ವರ್ಷ ಕೆಲಸ ಬಿಟ್ಟಳು. ಅರ್ಜಿ ತುಂಬುವ ಜವಾಬ್ದಾರಿ ನನ್ನದು. "ಓದೋದು ನಾನು, ಕಾಗದ ಪತ್ರ ನೀವು" ಎಂದು ಅವಳೇ ಹಂಚಿದ್ದಳು. ಅರ್ಜಿಯಲ್ಲಿ ಎರಡು ಭಾಗ. ಮೊದಲನೆಯದರಲ್ಲಿ ಹೆಸರು, ಹುಟ್ಟಿದ ದಿನ, ಪದವಿ. ಅದನ್ನು ಫೆಬ್ರವರಿಯಲ್ಲೇ ತುಂಬಿ, ನೋಂದಣಿ ಸಂಖ್ಯೆ ಇರುವ ಹಾಳೆಯನ್ನು ಮುದ್ರಿಸಿ ಕೊಟ್ಟೆ. ಅವಳು ಅದನ್ನು ಓದುವ ಮೇಜಿನ ಎದುರು ಗೋಡೆಗೆ ಅಂಟಿಸಿಕೊಂಡಳು. ಎರಡನೆಯ ಭಾಗದಲ್ಲಿ ಫೋಟೋ, ಸಹಿ, ಪರೀಕ್ಷಾ ಕೇಂದ್ರ, ಕೊನೆಗೊಂದು ಘೋಷಣೆ. ಆಗ ಕಚೇರಿಯ ಸ್ಕ್ಯಾನರ್ ಕೆಟ್ಟು ಕೂತಿತ್ತು. ಫೋಟೋವನ್ನೂ ಅವಳು ಕಪ್ಪು ಶಾಯಿಯಲ್ಲಿ ಸಹಿ ಮಾಡಿಕೊಟ್ಟ ಹಾಳೆಯನ್ನೂ ಒಂದು ಲಕೋಟೆಗೆ ಹಾಕಿ ಖಾನೆಯಲ್ಲಿಟ್ಟೆ. ನಿನ್ನೆ ಸಂಜೆ ಆರಕ್ಕೆ ಗಡುವು ಮುಗಿಯಿತು. ಲಕೋಟೆ ಇನ್ನೂ ಖಾನೆಯಲ್ಲೇ ಇದೆ.

ಅರ್ಜಿ ಹೋಗಿದೆ ಎಂದೇ ಅವಳು ತಿಳಿದಿದ್ದಾಳೆ.

ಮಾರ್ಚ್ 10, ಸೋಮವಾರ

ಇವತ್ತು ಬೆಳಿಗ್ಗೆಯೇ ಹೇಳಬೇಕೆಂದು ಹೊರಟಿದ್ದೆ. ಅವಳು ಐದಕ್ಕೇ ಎದ್ದು ಕೂತಿದ್ದಳು. ಕಾಲ ಮೇಲೆ ಕಂಬಳಿ, ಕಿವಿಗೆ ಸಿಕ್ಕಿಸಿದ ಪೆನ್ಸಿಲ್. ನನ್ನನ್ನು ನೋಡಿ, "ಎಂಬತ್ತಮೂರು ದಿನ ರೀ" ಎಂದಳು. ನಾನು "ಹೂಂ" ಎಂದು ಸ್ನಾನಕ್ಕೆ ಹೋದೆ.

ಅರ್ಹತೆಯ ನಿಯಮಗಳೆಲ್ಲ ನನಗೆ ಬಾಯಿಪಾಠ. ಮಾನ್ಯತೆ ಪಡೆದ ವಿಶ್ವವಿದ್ಯಾಲಯದ ಪದವಿ ಇರಬೇಕು. ಆರು ಪ್ರಯತ್ನ ಮೀರಿರಬಾರದು. ಪರೀಕ್ಷೆಯ ವರ್ಷ ಆಗಸ್ಟ್ ಒಂದನೇ ತಾರೀಖಿಗೆ ಮೂವತ್ತೆರಡು ತುಂಬಿರಬಾರದು. ಅವಳಿಗೆ ಮೂವತ್ತೆರಡು ತುಂಬುವುದು ಈ ಸೆಪ್ಟೆಂಬರ್ ಹದಿನಾಲ್ಕಕ್ಕೆ. ಈ ವರ್ಷ ಅರ್ಹಳು, ಮುಂದಿನ ವರ್ಷ ಅಲ್ಲ. ಆರರಲ್ಲಿ ಎರಡೇ ಪ್ರಯತ್ನ ಬಳಸಿದ್ದಾಳೆ, ಮಧ್ಯೆ ಮಗಳು ಹುಟ್ಟಿದಳು. ಪರೀಕ್ಷೆಗೆ ಕೂರದಿದ್ದರೆ ಅದು ಪ್ರಯತ್ನ ಎಂದು ಲೆಕ್ಕಕ್ಕೆ ಬರುವುದಿಲ್ಲ ಎಂದು ನಿಯಮದಲ್ಲಿದೆ. ಅಂದರೆ ಅವಳ ಖಾತೆಯಲ್ಲಿ ಇನ್ನೂ ನಾಲ್ಕು ಪ್ರಯತ್ನ ಭದ್ರವಾಗಿವೆ, ಬರೆಯುವ ವಯಸ್ಸು ಮಾತ್ರ ಇಲ್ಲ.

ಇದನ್ನೆಲ್ಲ ಅವಳಿಗೆ ಓದಿ ಹೇಳಿದವನೇ ನಾನು. ನಾನೂ ಐದು ಸಲ ಬರೆದವನು. ಐದು ಸಲವೂ ಮೊದಲ ಸುತ್ತಿನಲ್ಲೇ ಮನೆಗೆ. ಆರನೆಯದಕ್ಕೆ ವಯಸ್ಸು ಮೀರಿತು, ಬಿಟ್ಟೆ.

ಮಾರ್ಚ್ 18, ಮಂಗಳವಾರ

ಅಮ್ಮ ನಿನ್ನೆ ಊಟಕ್ಕೆ ಬಡಿಸುತ್ತಾ, ನನ್ನ ಹೆಂಡತಿಗೆ ಕೇಳುವಂತೆಯೇ ಅಂದಳು: "ನಿನ್ನ ಕೈಲಿ ಆಗದ್ದು ಇವಳ ಕೈಲಿ ಆಗುತ್ತಾ? ಪಾಸಾದರೂ ಕೆಲಸಕ್ಕೆ ಎಲ್ಲೆಲ್ಲಿಗೋ ಹಾಕ್ತಾರೆ. ಮಗೂನ ಯಾರು ನೋಡ್ಕೋಬೇಕು?"

ನಾನು ಬಾಯಿ ತೆರೆಯಲಿಲ್ಲ. ಮೊದಲೂ ತೆರೆಯುತ್ತಿರಲಿಲ್ಲ, ಆದರೆ ಮೊದಲು ಊಟ ಸಲೀಸಾಗಿ ಇಳಿಯುತ್ತಿತ್ತು. ಹೆಂಡತಿ ನಕ್ಕು, "ಆಗದಿದ್ರೆ ಇಲ್ಲೇ ಇರ್ತೀನಲ್ಲ ಅತ್ತೆ, ಎಲ್ಲಿ ಹೋಗ್ತೀನಿ" ಎಂದಳು.

ಊಟವಾದ ಮೇಲೆ ಸಂವಿಧಾನದ ಪುಸ್ತಕ ನನ್ನ ಕೈಗೆ ಕೊಟ್ಟು, ಪ್ರಶ್ನೆ ಕೇಳಿ ಎಂದಳು. ಮೂವತ್ತು ಕೇಳಿದೆ. ಎರಡು ತಪ್ಪಿದಳು. ಅದರಲ್ಲಿ ಒಂದು ನನಗೂ ಗೊತ್ತಿರಲಿಲ್ಲ, ಗೊತ್ತಿದ್ದವನಂತೆ ತಲೆಯಾಡಿಸಿದೆ.

ಮಾರ್ಚ್ 26, ಬುಧವಾರ

ಆಯೋಗದ ಸಹಾಯವಾಣಿಗೆ ಫೋನು ಮಾಡಿದೆ. ನಲವತ್ತು ನಿಮಿಷ ಸಂಗೀತ ಕೇಳಿಸಿದರು. ಕೊನೆಗೆ ಒಬ್ಬ ಹುಡುಗಿ ಬಂದಳು. ನನ್ನ ತಂಗಿಯ ಅರ್ಜಿ ಎಂದು ಹೇಳಿದೆ, ಏಕೋ ಹೆಂಡತಿ ಎನ್ನಲು ನಾಲಿಗೆ ಏಳಲಿಲ್ಲ. ಕಷ್ಟವನ್ನೆಲ್ಲ ತೋಡಿಕೊಂಡೆ. ಅವಳು ಸಮಾಧಾನವಾಗಿ ಕೇಳಿ, "ಸರ್, ಅಪೂರ್ಣ ಅರ್ಜಿಗಳನ್ನು ಯಾವುದೇ ಕಾರಣಕ್ಕೂ ಪರಿಗಣಿಸಲಾಗುವುದಿಲ್ಲ" ಎಂದಳು.

ಈ ವಾಕ್ಯ ನನಗೆ ಗೊತ್ತು. ಚಾಲನಾ ಪರವಾನಗಿ ಕಚೇರಿಯ ಪರಿಶೀಲನಾ ಕೌಂಟರಿನಲ್ಲಿ ಹನ್ನೊಂದು ವರ್ಷದಿಂದ ನಾನು ಇದನ್ನೇ ಹೇಳಿಕೊಂಡು ಬಂದಿದ್ದೇನೆ. ರಕ್ತದ ಗುಂಪು ಬರೆಯದಿದ್ದರೆ ವಾಪಸ್. ಫೋಟೋದ ಮೇಲೆ ಸಹಿ ಸರಿದಿದ್ದರೆ ವಾಪಸ್. ಪಕ್ಕದ ಕೌಂಟರಿನ ನಗದು ಗುಮಾಸ್ತ ನನಗೆ ಇಟ್ಟಿರುವ ಹೆಸರೇ 'ವಾಪಸ್ ಸಾಹೇಬರು'. ನಾನು ಅದನ್ನು ಬಿರುದಿನ ಹಾಗೆ ಹೊತ್ತು ತಿರುಗುತ್ತಿದ್ದೆ. ಒಂದು ಕಾಗದವೂ ನನ್ನ ಕಣ್ಣು ತಪ್ಪಿಸಿ ಹೋಗಿಲ್ಲ ಎಂಬ ಜಂಬ.

ಹುಡುಗಿ ಕೊನೆಗೆ, "ಗಡುವಿನ ದಿನ ನೋಂದಾಯಿತ ಸಂಖ್ಯೆಗೆ ಸಂದೇಶ ಕಳಿಸಿದ್ದೆವಲ್ಲ ಸರ್" ಎಂದಳು. ಫೋನು ಇಟ್ಟೆ.

ಏಪ್ರಿಲ್ 8, ಮಂಗಳವಾರ

ಮರೆತುಹೋಯಿತು ಎಂದು ಮೊದಲ ಪುಟದಲ್ಲಿ ಬರೆದಿದ್ದೇನೆ. ಅದು ಪೂರ್ತಿ ಸರಿಯಲ್ಲ.

ನೋಂದಣಿಗೆ ಕೊಟ್ಟದ್ದು ನನ್ನ ಮೊಬೈಲ್ ಸಂಖ್ಯೆ. ಆ ಗುರುವಾರ ಸಂದೇಶ ಬಂದಿತ್ತು. 'ನಿಮ್ಮ ಅರ್ಜಿಯ ಭಾಗ ಎರಡು ಅಪೂರ್ಣವಾಗಿದೆ.' ನಾನು ಅದನ್ನು ನೋಡಿದೆ. ಕೌಂಟರಿನಲ್ಲಿ ಜನ ಇದ್ದರು. ಆಮೇಲೆ ಮಾಡಿದರಾಯಿತು ಎಂದುಕೊಂಡೆ, ಆಮೇಲೆ ಆಗಲಿಲ್ಲ. ಕೆಲಸದ ಒತ್ತಡ.

ಯಾರಾದರೂ ನನ್ನ ಜಾಗದಲ್ಲಿ ಕೂತು ನೋಡಲಿ.

ಏಪ್ರಿಲ್ 22, ಮಂಗಳವಾರ

ಈಗ ಬೆಳಗಿನ ಚಹಾ ನಾನೇ ಮಾಡುತ್ತೇನೆ. ಮಗಳನ್ನು ಎಬ್ಬಿಸಿ, ಜಡೆ ಹಾಕಿ, ಶಾಲೆಗೆ ಬಿಟ್ಟು ಬರುವುದೂ ನಾನೇ. ಜಡೆ ಮೊದಲ ವಾರ ಇಲಿಯ ಬಾಲದ ಹಾಗಿರುತ್ತಿತ್ತು. ಪುಟ್ಟಿ ಕನ್ನಡಿ ನೋಡಿಕೊಂಡು, "ಅಪ್ಪಾ, ನೀನು ಪ್ರಾಕ್ಟೀಸ್ ಮಾಡ್ಬೇಕು" ಎಂದಿದ್ದಳು. ಈಗ ಪರವಾಗಿಲ್ಲವಂತೆ. ಅಡುಗೆಮನೆಯಲ್ಲಿ ನನ್ನನ್ನು ಕಂಡರೆ ಅಮ್ಮನ ಮುಖ ಕಹಿಯಾಗುತ್ತದೆ.

ಹೆಂಡತಿ ಮೊನ್ನೆ ತಟ್ಟೆಯಿಂದ ತಲೆಯೆತ್ತಿ, "ನಿಮ್ಮಂಥ ಗಂಡ ಸಿಗೋಕೆ ಪುಣ್ಯ ಮಾಡಿರ್ಬೇಕು ಕಣ್ರೀ" ಎಂದಳು. ಆ ಮಾತು ಕೇಳಿ ನನಗೆ ಓಡಿಹೋಗಬೇಕು ಅನ್ನಿಸಿತು. ತಲೆನೋವು ಎಂದು ಹೇಳಿ ಮಲಗಿದೆ.

ಕಚೇರಿಯಲ್ಲೂ ಕೆಲಸ ಹಿಂದೆ ಬೀಳುತ್ತಿದೆ. ಇವತ್ತು ಒಬ್ಬ ಮುದುಕ ಟ್ರಕ್ ಚಾಲಕ ಕಣ್ಣಿನ ತಪಾಸಣೆಯ ಪತ್ರ ಇಲ್ಲದೆ ಬಂದ. ನವೀಕರಣದ ಕೊನೇ ದಿನ. ಕಣ್ಣಿನ ಡಾಕ್ಟರ ಮನೆ ಹಿಂದಿನ ಬೀದಿಯಲ್ಲೇ ಇದೆ ಎಂದು ಹೇಳಿ ಕಳಿಸಿದೆ, ಅವನು ಬರುವವರೆಗೆ ಕೌಂಟರ್ ಮುಚ್ಚಲಿಲ್ಲ. ಇಪ್ಪತ್ತು ನಿಮಿಷ ತಡವಾಯಿತು. ನಗದು ಗುಮಾಸ್ತ ಬೀಗದ ಕೈ ತಿರುಗಿಸುತ್ತಾ ನಿಂತಿದ್ದ.

"ಏನ್ ಸ್ವಾಮಿ, ಹುಷಾರಿದ್ದೀರಾ? ಒಂದು ವಾರದಿಂದ ನೀವು ಒಂದೂ ವಾಪಸ್ ಕಳಿಸಿಲ್ಲ. ನಿನ್ನೆ ಯಾರಿಗೋ ಫೋನ್ ಮಾಡಿ ಫೋಟೋ ತನ್ನಿ ಅಂತಿದ್ರಿ."

"ಮತ್ತೆ ಮತ್ತೆ ಅದೇ ಫೈಲು ನೋಡೋಕೆ ಬೇಜಾರು, ಅದಕ್ಕೆ."

ನಿಜವಾಗಿಯೂ ಅದಕ್ಕೇ. ಬೇರೆ ಏನೂ ಇಲ್ಲ.

ಮೇ 12, ಸೋಮವಾರ

ಪ್ರವೇಶಪತ್ರ ಬಿಟ್ಟಿದ್ದಾರೆ. ಗ್ರಂಥಾಲಯದಲ್ಲಿ ಅವಳ ಜೊತೆ ಓದುವ ಗೆಳತಿಗೆ ಬೆಳಿಗ್ಗೆಯೇ ಬಂತಂತೆ. ಹೆಂಡತಿ ನನಗೆ ಕಚೇರಿಗೆ ಫೋನು ಮಾಡಿದಳು. "ನನ್ನದೂ ತೆಗೀರಿ, ಸೆಂಟರ್ ಎಲ್ಲಿ ಬಂದಿದೆ ನೋಡೋಣ."

ಸರ್ವರ್ ಬ್ಯುಸಿ ಎಂದೆ.

ಮೇ 13, ಮಂಗಳವಾರ

ಸರ್ವರ್ ಬ್ಯುಸಿ.

ಮೇ 16, ಶುಕ್ರವಾರ

ನಿನ್ನೆ ಸಂಜೆ ಹೇಳಿದೆ. ಏನು ಹೇಳಿದೆ ಎಂದು ಇಲ್ಲಿ ಬರೆಯಲೂ ನಾಚಿಕೆಯಾಗುತ್ತದೆ.

ಕೊನೇ ದಿನ ಸರ್ವರ್ ಕೈಕೊಟ್ಟಿತು, ಎರಡನೇ ಭಾಗ ಹೋಗಿದೆ ಅಂದುಕೊಂಡಿದ್ದೆ, ಹೋಗಿರಲಿಲ್ಲ, ನಿನ್ನೆಯೇ ಗೊತ್ತಾಯಿತು. ಹೀಗೆ ಹೇಳಿದೆ. ಎರಡು ತಿಂಗಳಿಂದ ಮನಸ್ಸಿನಲ್ಲಿ ತಿದ್ದಿ ತೀಡಿ ಇಟ್ಟುಕೊಂಡಿದ್ದ ಮಾತು, ಒಂದೂ ಕಡೆ ತಡವರಿಸಲಿಲ್ಲ.

ಅವಳು ಕುರ್ಚಿಯಲ್ಲಿ ಕೂತಳು. ಗೋಡೆಯ ಮೇಲಿನ ಹಾಳೆ ನೋಡಿದಳು. "ಈ ನಂಬರ್ ಇದೆಯಲ್ಲ" ಎಂದಳು. ಅದು ಮೊದಲ ಭಾಗದ್ದು ಮಾತ್ರ ಎಂದೆ. ಆಮೇಲೆ ಮುಖ ಮುಚ್ಚಿಕೊಂಡು ಅತ್ತಳು. ಮದುವೆಯಾಗಿ ಎಂಟು ವರ್ಷದಲ್ಲಿ ಅವಳು ಹಾಗೆ ಅತ್ತದ್ದನ್ನು ನಾನು ನೋಡಿರಲಿಲ್ಲ. ಪುಟ್ಟಿ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು.

ಅತ್ತು ಮುಗಿದ ಮೇಲೆ ಅವಳು ನನ್ನ ಭುಜದ ಮೇಲೆ ಕೈಯಿಟ್ಟಳು. "ನೀವ್ಯಾಕೆ ಹೀಗೆ ಬಿಳಿಚಿಕೊಂಡಿದ್ದೀರಿ? ನಿಮ್ಮದೇನು ತಪ್ಪು? ಮಿಷನ್ ಕೆಟ್ಟರೆ ನೀವೇನ್ ಮಾಡ್ತೀರಿ?"

ಅಮ್ಮ ಅಡುಗೆಮನೆಯಿಂದ ಬಂದು, ಆದದ್ದೆಲ್ಲ ಒಳ್ಳೇದಕ್ಕೇ ಎನ್ನುವ ಧಾಟಿಯಲ್ಲಿ ಏನೋ ಶುರುಮಾಡಿದಳು. ಹೆಂಡತಿ ತಟ್ಟನೆ ತಿರುಗಿ, "ಅತ್ತೆ, ಅವರಿಗೆ ಮೊದಲೇ ನೋವಾಗಿದೆ. ಈಗ ಏನೂ ಅನ್ಬೇಡಿ" ಎಂದಳು. ನನ್ನ ಪರವಾಗಿ. ನನಗೆ ನೋವಾಗಿದೆ ಎಂದು.

ಗಡುವಿನ ದಿನ ಕೌಂಟರಿನಲ್ಲಿ ಜನ ಇರಲಿಲ್ಲ. ಏಪ್ರಿಲ್ ಪುಟದಲ್ಲಿ ಇದ್ದರು ಎಂದು ಬರೆದಿದ್ದೇನೆ. ಇರಲಿಲ್ಲ. ಪರವಾನಗಿ ಮುದ್ರಿಸುವ ಯಂತ್ರ ನಿಂತಿತ್ತು, ಮಧ್ಯಾಹ್ನದ ಮೇಲೆ ಒಬ್ಬರೂ ಬರಲಿಲ್ಲ.

ಮೇ 20, ಮಂಗಳವಾರ

ಅವಳು ಇವತ್ತೂ ಐದಕ್ಕೆ ಎದ್ದು ಓದಲು ಕೂತಿದ್ದಳು. ನಾನು ಚಹಾ ಹಿಡಿದು ನಿಂತೆ. ಯಾಕೆ ಎಂದು ಕೇಳುವ ಧೈರ್ಯ ಬರಲಿಲ್ಲ. ಅವಳೇ ಹೇಳಿದಳು: "ಒಂದೇ ಸಲ ನಿಲ್ಲಿಸಿದ್ರೆ ಮೈಯೆಲ್ಲ ಒಂಥರಾ ಆಗುತ್ತೆ ರೀ. ಪರೀಕ್ಷೆ ದಿನದವರೆಗೂ ಓದ್ತೀನಿ. ಪ್ರಶ್ನೆ ಕೇಳ್ತೀರಲ್ಲ ಸಂಜೆ?"

ಕೇಳುತ್ತೇನೆ ಎಂದೆ.

ಜೂನ್ 2, ಸೋಮವಾರ

ನಿನ್ನೆ ಪರೀಕ್ಷೆ. ಅದನ್ನು ಅವಳು ಬರೆದಳು, ಮನೆಯಲ್ಲಿ.

ಗೆಳತಿಗೆ ಮೊದಲೇ ಹೇಳಿಟ್ಟಿದ್ದಳಂತೆ. ಆ ಗೆಳತಿ ಬೆಳಗಿನ ಪರೀಕ್ಷೆ ಮುಗಿಸಿ, ಸಂಜೆ ನಾಲ್ಕೂವರೆಗೆ ಪ್ರಶ್ನೆಪತ್ರಿಕೆಯ ಜೆರಾಕ್ಸ್ ತಂದು ಕೊಟ್ಟು, ಒಂದು ಮಾತೂ ಆಡದೆ ಹೋದಳು. ಪತ್ರಿಕೆಯ ಬಗ್ಗೆ ಏನೂ ಹೇಳಬೇಡ ಎಂಬ ಕರಾರು. ಆ ಹುಡುಗಿ ಗೇಟಿನಲ್ಲಿ ನನ್ನನ್ನು ನೋಡಿ, "ಪಾಪ, ಎಂಥ ಗ್ರಹಚಾರ ಸರ್" ಎಂದು ಮಾತ್ರ ಅಂದಳು.

ಹೆಂಡತಿ ಊಟದ ಮೇಜನ್ನು ಒರೆಸಿ ಎರಡು ಪೆನ್ನು ಇಟ್ಟುಕೊಂಡಳು. "ನೀವು ಮೇಲ್ವಿಚಾರಕರು. ಐದರಿಂದ ಏಳು. ಏಳು ಹೊಡೆದ ಮೇಲೆ ಒಂದು ಚುಕ್ಕೆ ಇಡೋಕೂ ಬಿಡಬೇಡಿ. ಗಂಡ ಅಂತ ದಾಕ್ಷಿಣ್ಯ ಬೇಡ." ಪುಟ್ಟಿಯನ್ನು ಅಮ್ಮ ಉದ್ಯಾನಕ್ಕೆ ಕರೆದುಕೊಂಡು ಹೋದಳು. ಹೋಗುವಾಗ ಅಮ್ಮ ಸೊಸೆಯ ತಲೆಯ ಮೇಲೆ ಕೈಯಾಡಿಸಿದಳು, ಯಾಕೋ.

ಎರಡು ಗಂಟೆ ನಾನು ಎದುರಿಗೆ ಕೂತಿದ್ದೆ. ನೂರು ಪ್ರಶ್ನೆ. ಅವಳು ಮೊದಲು ಪೂರ್ತಿ ಓದಿದಳು, ಆಮೇಲೆ ಖಚಿತವಾದದ್ದನ್ನು ಬರೆದಳು, ಆಮೇಲೆ ಅನುಮಾನದವಕ್ಕೆ ಬಂದಳು. ಇಷ್ಟು ಶಿಸ್ತಾಗಿ ನಾನು ಯಾವತ್ತೂ ಬರೆದವನಲ್ಲ. ಐದು ಸಲವೂ ಮೊದಲ ಹತ್ತು ಪ್ರಶ್ನೆಯಲ್ಲೇ ಬೆವರುತ್ತಿದ್ದೆ. ಅವಳ ಹಣೆಯಲ್ಲಿ ಒಂದು ಗೆರೆ ಇಲ್ಲ. ನೋಡುತ್ತಾ ನೋಡುತ್ತಾ ನನಗೆ ಹೆಮ್ಮೆಯಾಯಿತು. ಹೆಮ್ಮೆಪಡುವ ಹಕ್ಕು ನನಗಿಲ್ಲ ಎಂಬುದು ತಕ್ಷಣವೇ ನೆನಪಾಗಿ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಕಿಟಕಿಯ ಬಳಿ ಹೋಗಿ ನಿಂತೆ. "ಮೇಲ್ವಿಚಾರಕರು ಓಡಾಡಬಾರದು, ಗಮನ ಹೋಗುತ್ತೆ" ಎಂದಳು. ಬಂದು ಕೂತೆ.

ಏಳಕ್ಕೆ ಹಾಳೆ ಕಿತ್ತುಕೊಂಡೆ. ಕೊನೆಯ ಪ್ರಶ್ನೆಯ ಉತ್ತರಕ್ಕೆ ಅವಳು ಪೆನ್ನು ಇಟ್ಟಾಗಿತ್ತು, ಗುರುತು ಮಾಡಿರಲಿಲ್ಲ. ಬಿಡಲಿಲ್ಲ. ಅವಳು ನಕ್ಕಳು. "ಭೇಷ್" ಎಂದಳು.

ಉತ್ತರಸೂಚಿ ಬಂದ ಮೇಲೆ ತಿದ್ದಿ, ಕಟಾಫ್ ಪ್ರಕಟವಾದ ಮೇಲೆ ಎರಡನ್ನೂ ಒಟ್ಟಿಗೆ ಹೇಳಬೇಕಂತೆ. ಅಲ್ಲಿಯವರೆಗೆ ಹಾಳೆ ನನ್ನ ವಶ.

ಜೂನ್ 11, ಬುಧವಾರ

ಉತ್ತರಸೂಚಿ ಬಂತು. ಮೂರು ಸಲ ತಿದ್ದಿದೆ. ಸರಿ ಎಪ್ಪತ್ತೊಂದು. ತಪ್ಪು ಇಪ್ಪತ್ತೊಂದು. ಬಿಟ್ಟದ್ದು ಎಂಟು. ಸರಿಗೆ ಎರಡು ಅಂಕ, ತಪ್ಪಿಗೆ ಒಂದು ಅಂಕದ ಮೂರರಲ್ಲಿ ಎರಡು ಭಾಗ ಕಳೆಯಬೇಕು. ನೂರಿಪ್ಪತ್ತೆಂಟು.

ಕಟಾಫ್ ನೂರಮೂವತ್ತು ಆಗಲಿ ಎಂದು ಬೇಡಿಕೊಂಡೆ. ಬೇಡಿಕೊಂಡ ಮೇಲೆ ಗೊತ್ತಾಯಿತು, ನಾನು ಏನು ಬೇಡಿಕೊಂಡೆ ಎಂದು.

ಜೂನ್ 20, ಶುಕ್ರವಾರ

ಮಧ್ಯಾಹ್ನ ಫಲಿತಾಂಶ ಬಂತು. ಕಟಾಫ್ ನೂರಹದಿನೇಳು.

ಹಾಳೆ ನನ್ನ ಮುಂದೆ ಇದೆ. ನಾಲ್ಕು ಸರಿ ಉತ್ತರಗಳ ಗುರುತು ಆಚೀಚೆ ಮಾಡಿ, ಬಿಟ್ಟವುಗಳಲ್ಲಿ ಎರಡಕ್ಕೆ ತಪ್ಪು ಉತ್ತರ ಸೇರಿಸಿದರೆ ನೂರಹದಿನಾರಕ್ಕೆ ಇಳಿಯುತ್ತದೆ. ಅವಳಿಗೂ ಸಮಾಧಾನ ಆಗುತ್ತದೆ, ಹೇಗೂ ಆಗುತ್ತಿರಲಿಲ್ಲ ಎಂದು. ಕಪ್ಪು ಪೆನ್ನು ನನ್ನ ಬಳಿಯೂ ಇದೆ. ಹೇಗೆ ಮಾಡಬಹುದೆಂದು ಇಷ್ಟು ಬೇಗ ಹೊಳೆಯಿತಲ್ಲ, ಅದಕ್ಕೆ ಹೇಸಿಗೆಯಾಗುತ್ತಿದೆ.

ನಾಲ್ಕೂವರೆ. ಕೌಂಟರಿನಲ್ಲಿ ಇನ್ನೂ ಮೂವರಿದ್ದಾರೆ. ಅವರನ್ನು ಮುಗಿಸಿ ಹೊರಡುತ್ತೇನೆ.

ಜೂನ್ 23, ಸೋಮವಾರ

ಶುಕ್ರವಾರ ಮನೆಗೆ ಹೋದಾಗ ಅವಳು ಮಹಡಿಯ ಮೇಲೆ ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಹಾಳೆ ಕೈಗೆ ಕೊಟ್ಟೆ. "ನೂರಿಪ್ಪತ್ತೆಂಟು. ಕಟಾಫ್ ನೂರಹದಿನೇಳು."

ಅವಳು ಒಂದೊಂದೇ ಉತ್ತರದ ಮೇಲೆ ಬೆರಳಿಟ್ಟು ತಾನೇ ಎಣಿಸಿದಳು. ಕಣ್ಣಲ್ಲಿ ನೀರು ಬಂತು, ಆದರೆ ಮುಖ ಅರಳಿತ್ತು. "ಹಾಗಾದ್ರೆ ನನ್ನ ಕೈಲಿ ಆಗ್ತಿತ್ತು" ಎಂದಳು. "ನಾನು ದಡ್ಡಿ ಅಲ್ಲ ರೀ. ಹನ್ನೊಂದು ಜಾಸ್ತಿ! ಹಾಳಾದ್ ಸರ್ವರ್ ಒಂದು..."

"ಸರ್ವರ್ ಕೆಟ್ಟಿರಲಿಲ್ಲ" ಎಂದೆ.

ಅವಳಿಗೆ ಅರ್ಥವಾಗಲಿಲ್ಲ. ಎಲ್ಲವನ್ನೂ ಹೇಳಿದೆ. ಲಕೋಟೆ, ಸಂದೇಶ, ಖಾಲಿ ಕೌಂಟರ್. ಗಡುವಿನ ದಿನ ಬೆಳಿಗ್ಗೆ ಅವಳು ಮಾದರಿ ಪರೀಕ್ಷೆಯಲ್ಲಿ ನೂರಿಪ್ಪತ್ತೊಂದು ತೆಗೆದು ಕುಣಿದದ್ದು, ಐದು ಸಲದಲ್ಲಿ ಒಮ್ಮೆಯೂ ನೂರು ದಾಟದ ನಾನು ಅದನ್ನು ಹೊತ್ತುಕೊಂಡು ಕಚೇರಿಗೆ ಬಂದದ್ದು. ಅದನ್ನೂ ಹೇಳಿದೆ. ಇಲ್ಲಿ ಕೂಡ ಬರೆದಿರಲಿಲ್ಲ.

ಅವಳು ಅಂಗಿಯೊಂದನ್ನು ಅರ್ಧ ಮಡಿಸಿ ಹಿಡಿದಿದ್ದಳು. "ಮೆಸೇಜ್ ಎಷ್ಟು ಹೊತ್ತಿಗೆ ಬಂತು?"

"ಮೂರು ನಲವತ್ತಕ್ಕೆ."

"ಸ್ಕ್ಯಾನರ್?"

"ಅವತ್ತು ಬೆಳಿಗ್ಗೆ ಸರಿ ಮಾಡಿದ್ರು."

"ಆರರವರೆಗೆ ಏನ್ ಮಾಡ್ತಿದ್ರಿ?"

"ಕೂತಿದ್ದೆ."

"ಎರಡು ಗಂಟೆ ಇಪ್ಪತ್ತು ನಿಮಿಷ" ಎಂದಳು. ಲೆಕ್ಕದ ಟೀಚರು, ಕಳೆಯುವುದಕ್ಕೆ ಕ್ಷಣವೂ ಹಿಡಿಯಲಿಲ್ಲ. "ನಾನು ಪೂರ್ತಿ ಪೇಪರ್ ಬರೆದು ಮುಗಿಸಿ, ಮೇಲೆ ಇಪ್ಪತ್ತು ನಿಮಿಷ ಉಳಿಯುತ್ತೆ."

ಕ್ಷಮಿಸು ಎನ್ನಲು ಬಾಯಿ ತೆರೆದೆ, ಅವಳು ಬೇಡವೆನ್ನುವಂತೆ ಕೈ ಎತ್ತಿದಳು.

"ಐದು ಸಲಾನೂ ಆಗ್ಲಿಲ್ಲ ಅಂತ ನಾನು ಒಂದ್ ದಿನಾನೂ ನಿಮ್ಮನ್ನ ಕಡಿಮೆ ಅಂದ್ಕೊಂಡಿರ್ಲಿಲ್ಲ" ಎಂದಳು. ಅಂಗಿಯನ್ನು ಪೂರ್ತಿ ಮಡಿಸಿ ಬುಟ್ಟಿಯಲ್ಲಿಟ್ಟಳು. ಅದು ನನ್ನ ಅಂಗಿಯೇ. ಬುಟ್ಟಿ ಎತ್ತಿಕೊಂಡು ಇಳಿದು ಹೋದಳು.

ಶನಿವಾರ ಹಳೆಯ ಶಾಲೆಗೆ ಫೋನು ಮಾಡಿದ್ದಾಳೆ. ಗಣಿತದ ಜಾಗ ಖಾಲಿ ಇದೆಯಂತೆ, ಹೊಸದಾಗಿ ಅರ್ಜಿ ಕೊಡಬೇಕಂತೆ. ಇದು ನನಗೆ ಪುಟ್ಟಿಯಿಂದ ಗೊತ್ತಾಯಿತು. ಇವತ್ತು ಬೆಳಿಗ್ಗೆ ನಾನು ಚಹಾ ಒಯ್ದಾಗ ಅವಳು ಮೇಜಿನ ಮುಂದೆ ಕೂತು ಆ ಅರ್ಜಿ ತುಂಬುತ್ತಿದ್ದಳು. ಹುಟ್ಟಿದ ದಿನಾಂಕದ ಕಾಲಮ್ಮಿನಲ್ಲಿ ಪೆನ್ನು ನಿಂತಿತು, ಗೀಚಿದರೂ ಶಾಯಿ ಬರಲಿಲ್ಲ. ನಾನು ಜೇಬಿನಿಂದ ನನ್ನ ಪೆನ್ನು ತೆಗೆದು ಮುಂದೆ ಹಿಡಿದೆ.

"ಬೇಡ, ನನ್ನ ಹತ್ರ ಇನ್ನೊಂದಿದೆ" ಎಂದು ಅವಳು ಹುಡುಕಲು ಎದ್ದಳು.